ತಾಯಿಮರ ಬಲ್ಲ ಕೈ

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಪದ್ಮಶ್ರೀ ಬಂದಾಗ ಜನ ಎಣಿಸಿದ್ದು ಅವರು ನೆಟ್ಟ ಗಿಡಗಳನ್ನು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಟ್ಟಲೆ ದುಡಿದ ಈ ಹಾಲಕ್ಕಿ ಸಮುದಾಯದ ಅಜ್ಜಿಯ ಹೆಚ್ಚುಗಾರಿಕೆ ಇದ್ದದ್ದು ನೆಡುವುದಕ್ಕೂ ಮೊದಲಿನ ಕೆಲಸದಲ್ಲಿ: ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬ ಅರಿವಿನಲ್ಲಿ. ರಾಮಪತ್ರೆ, ನೇರಳೆಯಂಥ ಬೀಜಗಳು ಒಣಗಿದರೆ ಸತ್ತಂತೆಯೇ. ಕೂಡಿಟ್ಟು ಮುಂದಿನ ವರ್ಷ ಬಿತ್ತಲಾಗದು, ಹಣ್ಣು ಉದುರುತ್ತಲೇ ಸಸಿಮಡಿ ಸೇರಬೇಕು.

ಇಷ್ಟೆಲ್ಲ ಕಷ್ಟವೇಕೆ, ಅಕೇಶಿಯಾ ನೆಟ್ಟರೆ ಸಾಲದೇ ಎನ್ನಬಹುದು. ಅದು ಬರಡು ಜಂಬಿಟ್ಟಿಗೆ ನೆಲವನ್ನೂ ಬೇಗ ಹಸಿರಾಗಿಸುತ್ತದೆ ಎಂಬ ವಾದ ಸುಳ್ಳಲ್ಲ. ಅದರ ಬೇರು ಸಾರಜನಕವನ್ನೂ ಹಿಡಿಯುತ್ತದೆ. ಆದರೆ ಅದರ ದಪ್ಪ ತರಗು ಕೊಳೆಯುವುದು ನಿಧಾನ. ಬಗೆಬಗೆಯ ಎಲೆ ಬೀಳುವ ಕಾಡಿನಲ್ಲಿ ಮಣ್ಣಿನ ಜೀವಿಗಳಿಗೆ ವರ್ಷವಿಡೀ ಮೇವು. ಆ ಕಾಡನ್ನು ಮರಳಿ ತರಲು ಬೀಜ ಬಲ್ಲವರೇ ಬೇಕು.

ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅಂಥ ಅರಿವುಳ್ಳ ಹಿರಿಯರು ನಿಮ್ಮೂರಲ್ಲಿದ್ದರೆ, ಈ ಮಳೆಗಾಲಕ್ಕೆ ಮುನ್ನ ಅವರೊಡನೆ ಬೀಜ ಆಯಲು ಹೋಗಿ.