ಮುಖವಾಡದ ಹಿಂದಿನ ಮಾತು

ಹಾರುವ, ಗುದ್ದುವ ವೀರರ ಕಾಮಿಕ್ಸ್ ಗಂಡುಹುಡುಗರ ಓದು ಎಂದು ನಾವು ಹೆಂಗಸರು ಪಕ್ಕಕ್ಕಿಡುವುದೇ ಹೆಚ್ಚು. ಆದರೆ ಎರಡು ಹೆಸರಿಟ್ಟುಕೊಂಡು, ಮನೆಯವರಿಂದಲೂ ಗುಟ್ಟು ಕಾಯುವ ಆ ವೀರನಲ್ಲಿ ಅಮೆರಿಕದ ಎಷ್ಟೋ ಸಲಿಂಗಪ್ರೇಮಿ ಓದುಗರು ತಮ್ಮನ್ನೇ ಕಂಡುಕೊಂಡರು. ನನಗದು ವಿಚಿತ್ರವೆನ್ನಿಸುವುದಿಲ್ಲ. ಮನಸ್ಸಿನಲ್ಲೊಂದು, ಮುಖದಲ್ಲೊಂದು ಇಟ್ಟುಕೊಂಡು ಬಾಳುವುದು ನಮಗೇನು ಹೊಸತೇ?

ಅವರ ಕಥೆಗೆ ಅಲ್ಲಿ ಬಾಗಿಲು ಮುಚ್ಚಿತ್ತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬ್ಯಾಟ್‌ಮನ್ ಮತ್ತು ರಾಬಿನ್ ಒಂದೇ ಮನೆಯಲ್ಲಿರುವುದನ್ನೇ ಶಂಕಿಸಿ ಬರೆದ. ಅದೇ ವರ್ಷ ಪ್ರಕಾಶಕರು ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ಇಂಥ ಪ್ರೀತಿಯ ಸುಳಿವನ್ನೂ ನಿಷೇಧಿಸಿತು. ಅದು ಸಡಿಲವಾದದ್ದು 1989ರಲ್ಲಿ. 1979ರಲ್ಲಿ ಹುಟ್ಟಿದ ಮಾರ್ವೆಲ್‌ನ ನಾರ್ತ್‌ಸ್ಟಾರ್ ತಾನು ಯಾರೆಂದು ಬಾಯಿಬಿಟ್ಟದ್ದು 1992ರ 'ಆಲ್ಫಾ ಫ್ಲೈಟ್' 106ನೇ ಸಂಚಿಕೆಯಲ್ಲಿ.

ಆ ಸಂಚಿಕೆಯ ಬಗ್ಗೆ ನನಗೊಂದು ತಕರಾರಿದೆ. ಏಡ್ಸ್ ತಗುಲಿದ ಅನಾಥ ಹಸುಗೂಸನ್ನು ಅವನು ಮಗಳೆಂದು ಎತ್ತಿಕೊಳ್ಳುತ್ತಾನೆ. ಸತ್ಯ ಹೊರಬೀಳುವುದು ಒಂದು ಬಡಿದಾಟದ ನಡುವೆ. ಕೊನೆಗೆ ಮಗು ಸಾಯುತ್ತದೆ. ತನ್ನ ಪ್ರೀತಿಯ ಮಾತಾಡಲು ಅವನಿಗೆ ರೋಗ, ಸಾವುಗಳ ನೆಪವೇ ಬೇಕಿತ್ತೇ? ಪ್ರೀತಿಸಿದವನೊಬ್ಬನೂ ಅಲ್ಲಿ ಕಾಣುವುದಿಲ್ಲ.

ಆದರೂ ಅಲ್ಲೊಬ್ಬ ಮುದುಕನಿದ್ದಾನೆ. ಕೂಸಿಗಾಗಿ ಮರುಗುವ ಜನ, ಅದೇ ರೋಗದಿಂದ ಸತ್ತ ತನ್ನ ಸಲಿಂಗಪ್ರೇಮಿ ಮಗನಿಗಾಗಿ ಯಾಕೆ ಅಳಲಿಲ್ಲ ಎಂಬುದು ಅವನ ಸಂಕಟ. ಕಥೆಯ ಜೀವವಿರುವುದು ಅಲ್ಲಿ.

2012ರಲ್ಲಿ ನಾರ್ತ್‌ಸ್ಟಾರ್ ತನ್ನ ಗೆಳೆಯ ಕೈಲ್‌ನನ್ನು ಮದುವೆಯಾದ. ಕಲೆಯ ದೃಷ್ಟಿಯಿಂದ ಅದೇನೂ ದೊಡ್ಡ ಸಂಚಿಕೆಯಲ್ಲದಿರಬಹುದು. ಆದರೆ ಗುಟ್ಟು ಕಾಯುತ್ತ ಓದುವ ಹುಡುಗನಿಗೆ ಸಾವಿನ ಮನೆಗಿಂತ ಮದುವೆಮನೆಯ ಚಿತ್ರ ಸಿಗುವುದು ಸಣ್ಣ ಮಾತಲ್ಲ. ಅಂಥ ಹುಡುಗ ನಮ್ಮ ಮನೆಯಲ್ಲೂ ಇರಬಹುದು.