ಆಡಿದ ಮಾತು, ಅಚ್ಚಾದ ಮಾತು

ವೃತ್ತಪತ್ರಿಕೆಯ ಧರ್ಮವೇನೆಂಬ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಮಾತು ಸರ್ಕಾರದ ಒತ್ತಡ, ಮಾಲೀಕರ ಲಾಭ, ಜಾಹೀರಾತಿನ ಹಂಗು ಇವುಗಳತ್ತ ಹೊರಳುತ್ತದೆ. ಇವೆಲ್ಲ ನಿಜವೇ. ಆದರೆ ಅಚ್ಚಿನ ಸುಳ್ಳು ಮೊಳೆಯುವ ಜಾಗ ಬಹು ಚಿಕ್ಕದು. ಒಂದು ಕ್ರಿಯಾಪದ, ಒಂದು ವಿಶೇಷಣ, ಅಳಿಸಿಹಾಕಿದ ಒಂದು ಪ್ರಶ್ನಚಿಹ್ನೆ ಸಾಕು. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಜರ್ಮನ್ ಲೇಖಕ ಹೈನ್‌ರಿಶ್ ಬ್ಯೋಲ್ 1974ರಲ್ಲಿ ಪ್ರಕಟಿಸಿದ ‘ಕಥರೀನಾ ಬ್ಲೂಮಳ ಕಳೆದುಹೋದ ಮಾನ’ ಎಂಬ ಕಿರುಕಾದಂಬರಿ. ನಾನು ಅದನ್ನು ಓದಿದ್ದು ಲೈಲಾ ವೆನ್ನೆವಿಟ್ಜ್ ಅವರ ಇಂಗ್ಲಿಷ್ ಅನುವಾದದಲ್ಲಿ.

ಕಥೆ ಸರಳ. ವಕೀಲರೊಬ್ಬರ ಮನೆವಾರ್ತೆ ನೋಡಿಕೊಳ್ಳುವ ಇಪ್ಪತ್ತೇಳರ ಹೆಂಗಸು ಕಥರೀನಾ. ಒಂದು ಹಬ್ಬದ ರಾತ್ರಿ ಅವಳು ಒಬ್ಬ ಗಂಡಸಿಗೆ ಮನಸೋಲುತ್ತಾಳೆ. ಅವನು ಪೋಲೀಸರು ಹುಡುಕುತ್ತಿರುವವನು; ಬೆಳಗಾಗುವಷ್ಟರಲ್ಲಿ ತಪ್ಪಿಸಿಕೊಂಡಿರುತ್ತಾನೆ. ನಾಲ್ಕೇ ದಿನಗಳಲ್ಲಿ ಒಂದು ಜನಪ್ರಿಯ ಪತ್ರಿಕೆ ಅವಳ ಹೆಸರನ್ನೂ ಬಾಳನ್ನೂ ಬೀದಿಗೆಳೆಯುತ್ತದೆ. ಐದನೆಯ ದಿನ, ಭಾನುವಾರ, ಅವಳು ಆ ಪತ್ರಿಕೆಯ ಬಾತ್ಮೀದಾರನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಇದನ್ನು ಲೇಖಕರು ಮೊದಲ ಪುಟಗಳಲ್ಲೇ ಹೇಳಿಬಿಡುವುದರಿಂದ ಮುಂದೆ ಉಳಿಯುವ ಕುತೂಹಲವೆಲ್ಲ ‘ಹೇಗೆ’ ಎಂಬುದರದು.

ಹೇಗೆಂಬುದನ್ನು ನೋಡಿ. ಪ್ರವಾಸದಲ್ಲಿರುವ ವಕೀಲರನ್ನು ಬಾತ್ಮೀದಾರ ವಿಚಾರಿಸುತ್ತಾನೆ. ಕಥರೀನಾ ಬುದ್ಧಿವಂತೆ, ಶಾಂತಸ್ವಭಾವದವಳು ಎನ್ನುತ್ತಾರೆ ಅವರು. ಪತ್ರಿಕೆಯಲ್ಲಿ ಅವಳು ಮಂಜಿನಂತೆ ತಣ್ಣಗಿನ, ಲೆಕ್ಕಾಚಾರದ ಹೆಂಗಸಾಗುತ್ತಾಳೆ. ನಿವೃತ್ತ ಉಪಾಧ್ಯಾಯರೊಬ್ಬರು, ಅವಳದು ಉಗ್ರಮತ ಎನ್ನುವುದಾದರೆ ಪರೋಪಕಾರದಲ್ಲಿ ಮಾತ್ರ ಎಂದು ನಗುತ್ತಾ ಹೇಳಿರಬೇಕು. ಅಚ್ಚಿನಲ್ಲಿ ಉಪಕಾರ ಉದುರಿಹೋಗಿ ಉಗ್ರತನ ಉಳಿಯುತ್ತದೆ. ಇನ್ನು ಆಸ್ಪತ್ರೆಯಲ್ಲಿ ಮಲಗಿರುವ ತಾಯಿ. ಬಣ್ಣ ಬಳಿಯುವವನ ವೇಷದಲ್ಲಿ ತಾನು ಅವಳ ಬಳಿಗೆ ನುಗ್ಗಿದೆನೆಂದು ಬಾತ್ಮೀದಾರನೇ ಜಂಬ ಕೊಚ್ಚಿಕೊಳ್ಳುತ್ತಾನೆ. ಹೀಗೇಕಾಗಬೇಕಿತ್ತು ಎಂದು ಆಕೆ ಕೇಳಿದಳಷ್ಟೆ. ಹೀಗಾಗುವುದು ಖಂಡಿತವಾಗಿತ್ತೆಂದು ಆಕೆ ಹೇಳಿದಳೆಂದು ಪತ್ರಿಕೆ ಅಚ್ಚುಹಾಕಿತು. ಪ್ರಶ್ನೆ ತೀರ್ಪಾಯಿತು, ಅದೂ ಹೆತ್ತವಳ ಬಾಯಿಂದ. ಏಕೆ ಬದಲಾಯಿಸಿದೆಯೆಂದರೆ ಅವನ ಸಮಾಧಾನ ಸಿದ್ಧವಾಗಿದೆ: ಸಾಮಾನ್ಯರಿಗೆ ಮಾತು ಸರಿಯಾಗಿ ಬರುವುದಿಲ್ಲ, ಹೇಳಬೇಕೆಂದಿದ್ದನ್ನು ಹೇಳಲು ತಾನು ನೆರವಾಗುತ್ತೇನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಬೆಚ್ಚಿಸಿದ್ದು ಗುಂಡಿನ ಸದ್ದಿಗಿಂತ ಈ ‘ನೆರವು’.

ಇದಕ್ಕೆ ಎದುರಾಗಿ ಬ್ಯೋಲ್ ಇಟ್ಟಿರುವುದು ಪೋಲೀಸ್ ವಿಚಾರಣೆಯ ಪ್ರಸಂಗವನ್ನು. ಅಲ್ಲಿ ಈ ಮನೆಗೆಲಸದವಳು ಒಂದೊಂದು ಶಬ್ದಕ್ಕೂ ಅಧಿಕಾರಿಗಳೊಡನೆ ಜಗಳವಾಡುತ್ತಾಳೆ. ಔತಣಗಳಲ್ಲಿ ಕೆಲವು ಗಂಡಸರು ತನ್ನ ಮೇಲೆ ಬೀಳುತ್ತಿದ್ದರೆಂದು ಆಕೆ ಹೇಳಿದರೆ, ಅವರು ಸರಸವಾಗಿ ನಡೆದುಕೊಂಡರೆಂದು ಬರೆದುಕೊಳ್ಳಲು ಹೊರಡುತ್ತಾರೆ. ಸರಸಕ್ಕೆ ಇಬ್ಬರೂ ಬೇಕು, ಮೇಲೆ ಬೀಳಲು ಒಬ್ಬನೇ ಸಾಕು, ಆದ್ದರಿಂದ ಸಹಿ ಹಾಕುವುದಿಲ್ಲ ಎಂಬುದು ಅವಳ ನಿಲುವು. ಯಾವ ಪಂಡಿತನೂ ಇದಕ್ಕಿಂತ ಚೆನ್ನಾಗಿ ಅರ್ಥವಿವೇಚನೆ ಮಾಡಲಾರ.

ಜರ್ಮನ್ ಭಾಷೆಯಲ್ಲಿ ಬೇರೆಯವರ ಮಾತನ್ನು ವರದಿಮಾಡುವುದಕ್ಕೇ ಕ್ರಿಯಾಪದದ ಪ್ರತ್ಯೇಕ ರೂಪವೊಂದಿದೆ. ‘ಇದು ಅವನ ಮಾತು, ನನ್ನದಲ್ಲ’ ಎಂಬ ಗುರುತು ಅದರಲ್ಲೇ ಅಡಗಿರುತ್ತದೆ. ಕಾದಂಬರಿಯ ನಿರೂಪಕ ಅದನ್ನು ಯಥೇಚ್ಛವಾಗಿ ಬಳಸುತ್ತಾನೆ. ವಿಷಯ ತನಗೆ ಯಾರಿಂದ ತಿಳಿಯಿತೆಂಬುದನ್ನೂ ಮೊದಲೇ ತಿಳಿಸುತ್ತಾನೆ. ಇಂಗ್ಲಿಷಿನಲ್ಲಿ ಈ ಸೂಕ್ಷ್ಮ ಬಹುಮಟ್ಟಿಗೆ ಮಾಯವಾಗುತ್ತದೆ. ಕನ್ನಡದ ವಾಚಕನಿಗೆ ಮಾತ್ರ ಅದನ್ನು ವಿವರಿಸಬೇಕಾದ್ದಿಲ್ಲ. ನಮ್ಮಲ್ಲಿ ‘ಅಂತೆ’ ಇದೆ. ‘ಕದ್ದನು’ ಎಂಬುದಕ್ಕೂ ‘ಕದ್ದನಂತೆ’ ಎಂಬುದಕ್ಕೂ ನಡುವೆ ಇರುವ ದೂರ ಹಳ್ಳಿಯ ಅಜ್ಜಿಗೂ ಗೊತ್ತು. ಪತ್ರಿಕೆಯವರು ಇದು ಹರಟೆಕಟ್ಟೆಯ ಮಾತೆಂದು ಬಿಟ್ಟು ‘ಎನ್ನಲಾಗಿದೆ’ಯನ್ನು ಹಿಡಿದರು. ನೋಡಲು ಗಂಭೀರವಾದ ಪ್ರಯೋಗ. ಆದರೆ ಅಂದವರು ಯಾರು? ‘ಅಂತೆ’ ತನ್ನನ್ನು ವದಂತಿಯೆಂದು ಒಪ್ಪಿಕೊಳ್ಳುತ್ತದೆ. ‘ಎನ್ನಲಾಗಿದೆ’ ಅದೇ ವದಂತಿಗೆ ಕೋಟು ತೊಡಿಸಿ ಕಳುಹಿಸುತ್ತದೆ.

ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಬಾತ್ಮೀದಾರ ತೀರ ನೀಚನಾಗಿಬಿಟ್ಟಿದ್ದಾನೆ. ಟ್ಯೋಟ್ಗೆಸ್ ಎಂಬ ಅವನ ಹೆಸರಿನಲ್ಲೇ ಕೊಲೆಯ ಧಾತು ಕೇಳಿಸುತ್ತದೆ. ಮರ್ಯಾದಸ್ಥನಾದ, ಗಡುವಿಗೆ ಸಿಕ್ಕಿಕೊಂಡ, ಮನೆಯಲ್ಲಿ ಮಕ್ಕಳಿರುವ ಒಬ್ಬ ವರದಿಗಾರ ಅದೇ ಪ್ರಶ್ನಚಿಹ್ನೆಯನ್ನು ಅಳಿಸಿದ್ದರೆ ಕಥೆ ಇನ್ನೂ ಆಳಕ್ಕಿಳಿಯುತ್ತಿತ್ತು. ಬ್ಯೋಲ್ ಕೋಪದಲ್ಲಿದ್ದರು, ತಾವೇ ಮುಂದೆ ಇದನ್ನು ಒಂದು ವಾಗ್ವಾದದ ಕರಪತ್ರವೆಂದು ಕರೆದರು. ಕೋಪಕ್ಕೆ ಕಾರಣವಿತ್ತು. 1971ರ ಡಿಸೆಂಬರಿನಲ್ಲಿ ಕೈಸರ್ಸ್‌ಲಾಟರ್ನ್ ಪಟ್ಟಣದ ಬ್ಯಾಂಕೊಂದರಲ್ಲಿ ದರೋಡೆ ನಡೆದು ಪೋಲೀಸಿನವನೊಬ್ಬ ಸತ್ತಾಗ, ಪುರಾವೆ ಸಿಗುವ ಮುನ್ನವೇ ‘ಬಿಲ್ಡ್’ ಪತ್ರಿಕೆ ಬಾಡರ್-ಮೈನ್‌ಹೋಫ್ ಗುಂಪನ್ನು ಕೊಲೆಗಾರರೆಂದು ಶೀರ್ಷಿಕೆಯಲ್ಲಿ ಸಾರಿತ್ತು. ಅದನ್ನು 1972ರ ಜನವರಿಯಲ್ಲಿ ‘ಡೆರ್ ಷ್ಪೀಗೆಲ್’ನಲ್ಲಿ ಖಂಡಿಸಿದ್ದಕ್ಕೆ ಬ್ಯೋಲರೇ ಭಯೋತ್ಪಾದಕರ ಮಿತ್ರರೆನಿಸಿಕೊಂಡರು. ಅದೇ ವರ್ಷ ಅವರ ಮನೆಯನ್ನು ಪೋಲೀಸರು ಶೋಧಿಸಿದರು. ನೊಬೆಲ್ ಪಾರಿತೋಷಕ ಬಂದದ್ದೂ ಅದೇ ವರ್ಷವೇ.

ಮುಂದಿನ ಒಂದು ಸಂಗತಿ ಈ ಓದನ್ನು ತೊಡಕಾಗಿಸುತ್ತದೆ. 1977ರಲ್ಲಿ ಗುಂಟರ್ ವಾಲ್ರಾಫ್ ಎಂಬ ಪತ್ರಕರ್ತರು ಹಾನ್ಸ್ ಎಸ್ಸರ್ ಎಂಬ ಸುಳ್ಳು ಹೆಸರಿನಿಂದ ‘ಬಿಲ್ಡ್’ನ ಹಾನೋವರ್ ಕಚೇರಿಯಲ್ಲಿ ಕೆಲವು ತಿಂಗಳು ದುಡಿದು, ಅಲ್ಲಿ ಸುದ್ದಿ ತಯಾರಾಗುವ ರೀತಿಯನ್ನು ಪುಸ್ತಕವಾಗಿ ಹೊರತಂದರು. ಬಾತ್ಮೀದಾರನ ಬಣ್ಣದ ಡಬ್ಬಿಯೂ ವೇಷ, ಎಸ್ಸರನ ಹೆಸರೂ ವೇಷ. ಒಬ್ಬನು ರೋಗಿಯ ಮಂಚದ ಬಳಿಗೆ ಹೋದ, ಇನ್ನೊಬ್ಬರು ಬಲಾಢ್ಯರ ಕಾರ್ಖಾನೆಯೊಳಕ್ಕೆ ಹೊಕ್ಕರು. ಈ ಅಂತರ ಅಲ್ಪವೇನಲ್ಲ, ಅದರಿಂದಲೇ ನನ್ನ ಮನಸ್ಸು ವಾಲ್ರಾಫರ ಕಡೆಗೆ ವಾಲುತ್ತದೆ. ಆದರೆ ಒಳಗಿದ್ದಷ್ಟು ದಿನ ಅವರೂ ಅಂಥ ಸುದ್ದಿಗಳನ್ನು ಬರೆಯಬೇಕಾಯಿತು. ಆ ಸುದ್ದಿಗಳಲ್ಲಿ ಬಂದ ಜನರಿಗೆ, ಬರೆದ ಕೈ ಎಸ್ಸರನದೋ ವಾಲ್ರಾಫರದೋ ಎಂಬುದರಿಂದ ಏನು ವ್ಯತ್ಯಾಸವಾಯಿತೆಂದು ಕಥರೀನಾ ಕೇಳಿಯಾಳು.