ಮಿತಾಕ್ಷರೆಯ ಸಭ್ಯರು

ವಿಜ್ಞಾನೇಶ್ವರನ ಮಿತಾಕ್ಷರೆಯು ದಾಯಭಾಗದ ಗ್ರಂಥವೆಂದೇ ಪ್ರಸಿದ್ಧವಾಗಿರುವದು. ಆಸ್ತಿಯ ಪಾಲಿನ ಜಗಳ ಬಂದಾಗ ವಕೀಲರು ಅದನ್ನು ತೆರೆಯುವರು. ಅದರಲ್ಲಿ ಮತ್ತೇನಿರುವದೆಂದು ನೋಡುವವರು ವಿರಳ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ರಚಿತವಾದ ಈ ಯಾಜ್ಞವಲ್ಕ್ಯವ್ಯಾಖ್ಯಾನದ ವ್ಯವಹಾರಾಧ್ಯಾಯದ ಮೊದಲಿಗೇ, ನ್ಯಾಯಸಭೆಗೆ ಸಭ್ಯರನ್ನು ಆರಿಸುವ ಬಗೆಯು ನಿರೂಪಿತವಾಗಿದೆ. ಸಭ್ಯನು ಶ್ರುತವಂತನೂ ಧರ್ಮಜ್ಞನೂ ಸತ್ಯವಾದಿಯೂ ಆಗಿರಬೇಕು, ಶತ್ರುಮಿತ್ರರಲ್ಲಿ ಸಮನಾಗಿರಬೇಕು. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ತಪ್ಪಿ ನಡೆದರೆ ಪ್ರತಿಯೊಬ್ಬನಿಗೂ ಬೇರೆ ಬೇರೆಯಾಗಿ ಇಮ್ಮಡಿ ದಂಡ. ಇಷ್ಟರ ಮಟ್ಟಿಗೆ ಸ್ಮೃತಿಕಾರನ ದೃಷ್ಟಿಯು ನಿರ್ಮಲವಾದುದೇ ಸರಿ.

ಆದರೆ ವ್ಯಾಖ್ಯಾನಕಾರನು ಕಾತ್ಯಾಯನನ ಮಾತನ್ನು ಆಧಾರವಾಗಿಟ್ಟುಕೊಂಡು ಸಭ್ಯರು ಬ್ರಾಹ್ಮಣರೇ ಎಂದು ನಿಶ್ಚಯಿಸುವನು. ಕೆಲವರು ವರ್ತಕರೂ ಸಭೆಯಲ್ಲಿರಬೇಕಂತೆ, ಏತಕ್ಕೆಂದರೆ ಲೋಕರಂಜನೆಗಾಗಿ! ಬಾದಾಮಿಯ ಗುಹೆಗಳನ್ನು ನೋಡಬಂದವರು ಹುನಗುಂದ ತಾಲೂಕಿನ ಐಹೊಳೆಗೂ ಹೋಗುವರು. ಅಯ್ಯಾವೊಳೆಯ ಐನೂರ್ವರೆಂದು ದಕ್ಷಿಣಾಪಥದಲ್ಲೆಲ್ಲ ಹೆಸರಾದ ವರ್ತಕಸಂಘವು ಆ ಊರಿನದು. ಅಂಥವರನ್ನು ಅಲಂಕಾರಕ್ಕೆಂದು ಕೂಡಿಸುವದು ವಿಚಿತ್ರವಲ್ಲವೇ? ನೇಕಾರನ ಗತಿಯು ಇನ್ನೂ ವಿಚಾರಾರ್ಹವಾದುದು. ಶ್ರೇಣಿಗಳಿಗೆ ಉದಾಹರಣೆ ಕೊಡುವಲ್ಲಿ ವಿಜ್ಞಾನೇಶ್ವರನು ನೇಕಾರರನ್ನೂ ಚಮ್ಮಾರರನ್ನೂ ಹೆಸರಿಸುವನು. ತಮ್ಮ ವ್ಯವಹಾರವನ್ನು ಅವರು ತಾವೇ ನಿರ್ಣಯಿಸಬಹುದು. ಆದರೆ ಆ ನಿರ್ಣಯದ ಮೇಲೆ ರಾಜನಿಯುಕ್ತರ ಸಭೆಯುಂಟು. ಅಂದರೆ, ಇಳಕಲ್ಲಿನಂಥ ಊರಿನ ಮಗ್ಗದವನ ತೀರ್ಪನ್ನು ಅಲ್ಲಿ ತಿರುವಿ ಹಾಕಬಹುದು. ಹಾಕುವವರಲ್ಲಿ ಮಗ್ಗದವನೊಬ್ಬನೂ ಇರಲಾರನು. ಗುಣವನ್ನು ಕೇಳಿದ ಶಾಸ್ತ್ರವು ಕುಲವನ್ನೂ ಕೇಳಿ ತನ್ನ ಮಾತನ್ನು ತಾನೇ ಕುಗ್ಗಿಸಿಕೊಂಡಿತು.

ಇದನ್ನು ಕಂಡು ಪಾಶ್ಚಾತ್ಯರ ಜ್ಯೂರಿಯನ್ನು ಕೊಂಡಾಡುವವರು 1908ನೆಯ ಇಸವಿಯನ್ನು ಮರೆಯಲಾಗದು. ಯುರೋಪಿಯನ್ ಆರೋಪಿಗೆ ಅರ್ಧದಷ್ಟಾದರೂ ಯುರೋಪಿಯನ್ನರೋ ಅಮೇರಿಕನ್ನರೋ ಇರುವ ಜ್ಯೂರಿಯನ್ನು ಬೇಡುವ ಹಕ್ಕು 1884ರಲ್ಲಿಯೇ ದೊರೆತಿತ್ತು. ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ಖಟ್ಲೆ ನಡೆದಾಗ, ವಿಶೇಷ ಜ್ಯೂರಿಯಲ್ಲಿ ಮರಾಠಿಯನ್ನರಿಯದ ಯುರೋಪಿಯನ್ನರೇ ಹೆಚ್ಚಾಗುವರೆಂದು ಬ್ಯಾಪ್ಟಿಸ್ಟಾ ಅವರು ಆಕ್ಷೇಪಿಸಿದರು. ನ್ಯಾಯಮೂರ್ತಿ ದಾವರರು ಒಪ್ಪಲಿಲ್ಲ. ಏಳು ಜನ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು ಕುಳಿತರು. ‘ಕೇಸರಿ’ಯ ಮರಾಠಿ ಲೇಖನಗಳು ಭಾಷಾಂತರದ ಮುಖಾಂತರ ಅವರ ಮುಂದೆ ಬಂದವು. ಅಭಿಪ್ರಾಯವೂ ಏಳು ಎರಡಾಗಿಯೇ ಒಡೆಯಿತು. ಶಿಕ್ಷೆ ಆರು ವರ್ಷ. ಮಂಡಾಲೆಯ ಆ ಸೆರೆಮನೆಯಲ್ಲಿ ಹುಟ್ಟಿದ ‘ಗೀತಾರಹಸ್ಯ’ವನ್ನು ಮುಂದೆ ಕನ್ನಡಕ್ಕೆ ತಂದವರು ವಿಜಾಪುರದಲ್ಲಿ ಜನಿಸಿದ ಆಲೂರ ವೆಂಕಟರಾಯರು.

ಜ್ಯೂರಿಗೆ 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಾನವಿಲ್ಲದಾಯಿತು. ಮಿತಾಕ್ಷರೆಯ ಸಭೆಯಂತೂ ಅದಕ್ಕೂ ಬಹು ಹಿಂದೆಯೇ ಎದ್ದುಹೋಗಿತ್ತು. ಆದರೂ ಇಮ್ಮಡಿ ದಂಡದ ಆ ಶ್ಲೋಕವನ್ನು ಓದುವವನಿಗೆ, 1908ರ ಆ ಏಳು ಜನರಲ್ಲಿ ರಾಗವೆಷ್ಟು ಭಯವೆಷ್ಟು ಇದ್ದಿತೆಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲವೆಂಬುದು ನೆನಪಾಗದಿರದು.